ಹೊಸಬನ ಬಲಮಂಡಿ

ನಾನು ಒಂದು ಮಂಡಿಕವಚ. ಬಲಗಾಲಿಗೆ ಕಟ್ಟುವಂಥದ್ದು. ತೊಡೆಗೊಂದು, ಮೀನಖಂಡಕ್ಕೊಂದು ಅಲ್ಯೂಮಿನಿಯಂ ಚೌಕಟ್ಟು, ಅವೆರಡನ್ನೂ ಜೋಡಿಸುವ ಕೀಲುಗಳು, ಒಳಗೆ ಸ್ಪಂಜು, ಹೊರಗೆ ಬಿಗಿಯುವ ಪಟ್ಟಿಗಳು. ನನ್ನ ಮೈಯೆಂದರೆ ಇಷ್ಟೇ.

ಅಮೆರಿಕದ ಒಂದು ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ಹುಟ್ಟಿದ ದಿನವೇ ಹೆದರಿದೆ. ನನ್ನ ಜೊತೆ ಹುಟ್ಟಿದವರಲ್ಲಿ ಒಬ್ಬನನ್ನು ಎತ್ತಿ ಯಂತ್ರದ ಬಾಯಿಗೆ ಕೊಟ್ಟರು. ಅದು ಅವನನ್ನು ಪಕ್ಕಕ್ಕೆ ಬಾಗಿಸಿತು, ಇನ್ನಷ್ಟು ಬಾಗಿಸಿತು, ಕೊನೆಗೆ ಟಕ್ಕೆಂದು ಮುರಿಯಿತು. ನೋಡುತ್ತಿದ್ದ ತಂತ್ರಜ್ಞ ತಲೆಯಾಡಿಸಿ, "ಇಷ್ಟು ತಡೆದ್ರೆ ಸಾಕು ಬಿಡಿ" ಎಂದ. ಉಳಿದವರನ್ನು ಪೆಟ್ಟಿಗೆಗೆ ತುಂಬಿದರು. ನಾವು ಎಷ್ಟರವರೆಗೆ ತಡೆಯಬಲ್ಲೆವು ಎಂದು ಎಲ್ಲರಿಗೂ ಗೊತ್ತಾಗಿತ್ತು. ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾದರೆ ಏನಾಗುತ್ತದೆ ಎಂಬುದೂ ಗೊತ್ತಾಗಿತ್ತು.

ನನ್ನನ್ನು ಕೊಂಡದ್ದು ಒಂದು ವೃತ್ತಿಪರ ಫುಟ್‌ಬಾಲ್ ತಂಡ. ನೀವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ ಅದು. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಕೈಯಲ್ಲಿ ಎಸೆಯುವ ಆಟ. ಎಸೆಯುವವನು ತಂಡದ ಕಣ್ಮಣಿ. ಅವನ ಮುಂದೆ ಐವರು ದೈತ್ಯರು ಸಾಲಾಗಿ ನಿಲ್ಲುತ್ತಾರೆ. ಎದುರಾಳಿಗಳು ಅವನನ್ನು ಕೆಡವಲು ನುಗ್ಗಿ ಬರುವಾಗ ಅಡ್ಡ ನಿಲ್ಲುವುದಷ್ಟೇ ಇವರ ಕಸುಬು. ಚೆನ್ನಾಗಿ ನಿಂತರೆ ಯಾರೂ ಇವರ ಹೆಸರೆತ್ತುವುದಿಲ್ಲ. ತಪ್ಪಿದಾಗ ಮಾತ್ರ ಇಡೀ ಮೈದಾನಕ್ಕೆ ಕೇಳುವಂತೆ ಹೆಸರು ಕೂಗುತ್ತಾರೆ. ಎಡತುದಿಯವನ ಪಾಡಂತೂ ಹೇಳಲಾಗದು. ಬಲಗೈಯಲ್ಲಿ ಎಸೆಯುವವನಿಗೆ ತನ್ನ ಎಡಬೆನ್ನು ಕಾಣುವುದಿಲ್ಲ. ಅಲ್ಲಿ ಕಣ್ಣೂ ಗೋಡೆಯೂ ಎಡತುದಿಯವನೇ.

ನನ್ನ ಮೊದಲ ಯಜಮಾನ ಗ್ರೇಡಿ ಸ್ಟ್ರೌಡ್ ಎಡತುದಿಯವನು. ಮಾತು ಕಡಿಮೆ, ಕಾಲು ಗಟ್ಟಿ. ಅವನ ಮಂಡಿಗೆ ನಾನು ಅಂಟಿಕೊಂಡಿದ್ದ ಕಾಲದಲ್ಲಿ ಯಂತ್ರದ ನೆನಪು ಮಾಸುತ್ತ ಬಂದಿತ್ತು. ಒಂದು ಮಧ್ಯಾಹ್ನ, ಹುಲ್ಲು ಒದ್ದೆಯಾಗಿದ್ದ ಪಂದ್ಯದಲ್ಲಿ, ಅವನ ಬಲಪಕ್ಕದ ಜೊತೆಗಾರನನ್ನೇ ಎದುರಾಳಿಗಳು ಎತ್ತಿ ಒಗೆದರು. ಆ ಭಾರವೆಲ್ಲ ಓರೆಯಾಗಿ ನಮ್ಮ ಮೇಲೆ ಬಿತ್ತು. ನಾನು ಮುರಿಯಲಿಲ್ಲ. ಆದರೆ ನನ್ನೊಳಗೆ, ಸ್ಪಂಜಿನ ಆಚೆ, ಒದ್ದೆ ಬಟ್ಟೆ ಹರಿದಂಥ ಸದ್ದಾಯಿತು. ಸ್ಟ್ರೌಡ್ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ. ವೈದ್ಯರು ಕತ್ತರಿಯಿಂದ ನನ್ನ ಪಟ್ಟಿಗಳನ್ನು ಕತ್ತರಿಸಿ ಪಕ್ಕಕ್ಕೆಸೆದರು.

ತಂಡದ ಉಗ್ರಾಣ ನೋಡಿಕೊಳ್ಳುವ ಇವೊ ನನಗೆ ಹೊಸ ಪಟ್ಟಿ ಹೊಲಿದ. ಮುಂದಿನ ಬೇಸಿಗೆಯಲ್ಲಿ ತಂಡಕ್ಕೆ ಒಬ್ಬ ಹೊಸಬ ಬಂದ. ಹೆಸರು ಕೀಲನ್ ಫೋಂಟೆನೊ. ಲೂಯಿಸಿಯಾನದ ಸಮುದ್ರದಂಚಿನ ಊರು. ತಾಯಿ ಸೀಗಡಿ ಸುಲಿಯುವ ಕಾರ್ಖಾನೆಯಲ್ಲಿ ದುಡಿಯುವವಳು. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಬರಬೇಕಾದಷ್ಟು ಎತ್ತರದ ಆಳು. ಅವನ ಅಳತೆಗೆ ಸರಿಹೊಂದುವ ಬಲಗಾಲಿನ ಕವಚ ಉಗ್ರಾಣದಲ್ಲಿ ನಾನೊಬ್ಬನೇ.

"ಇದು ಯಾರದು?" ಎಂದು ಕೀಲನ್ ಕೇಳಿದ. ಒಳಬದಿಯಲ್ಲಿ ಸ್ಟ್ರೌಡ್ ಎಂದು ಗೀಚಿದ್ದು ಅವನ ಕಣ್ಣಿಗೆ ಬಿದ್ದಿತ್ತು.

"ತಂಡದ್ದು. ಕಟ್ಕೋ" ಎಂದ ಇವೊ.

ಅವನು ಕಟ್ಟಿಕೊಂಡ. ಆಗ ನನಗೆ ತಿಳಿಯಿತು, ಈ ದೊಡ್ಡ ಮೈಯ ಒಳಗೆ ಮಂಡಿ ಗಡಗಡ ನಡುಗುತ್ತಿದೆ ಎಂದು. ಹೊರಗಿನವರಿಗೆ ಅದು ಕಾಣಲಿಲ್ಲ, ನಾನು ಮುಚ್ಚಿಕೊಂಡಿದ್ದೆ. ಸ್ಟ್ರೌಡ್ ಬಿದ್ದ ದೃಶ್ಯವನ್ನು ದೇಶದ ಎಲ್ಲರ ಹಾಗೆ ಅವನೂ ಟಿವಿಯಲ್ಲಿ ನೋಡಿದ್ದ. ಬೆಳಗ್ಗೆ ಅಭ್ಯಾಸಕ್ಕೆ ಹೊರಡುವ ಮೊದಲು ಬಚ್ಚಲಲ್ಲಿ ಬಗ್ಗಿ ತಿಂದದ್ದನ್ನೆಲ್ಲ ಕಾರುತ್ತಿದ್ದ. ಆಮೇಲೆ ಬಾಯಿ ತೊಳೆದು, ತಾಯಿಗೆ ಫೋನ್ ಮಾಡಿ, "ಇಲ್ಲಮ್ಮ, ಚೆನ್ನಾಗಿದೀನಿ. ಊಟ ಜೋರಾಗಿದೆ" ಎನ್ನುತ್ತಿದ್ದ.

ಅವನಿಗಿಂತ ನಾನೇ ಹೆಚ್ಚು ಹೆದರಿದ್ದೆ ಎಂದರೂ ನಡೆದೀತು. ಅವನು ಕೇಳಿರದ ಸದ್ದನ್ನು ನಾನು ಕೇಳಿದ್ದೆ.

ಎಡತುದಿಗೆ ಒಂದೇ ಜಾಗ ಉಳಿದಿತ್ತು. ಸ್ಟ್ರೌಡ್ ಗುಣವಾಗುವವರೆಗೆ ಕಾಯುವುದೋ, ಹೊಸಬನನ್ನು ಇಟ್ಟುಕೊಳ್ಳುವುದೋ ಎಂದು ತೀರ್ಮಾನವಾಗಬೇಕಿತ್ತು. ಹೊಸಬರನ್ನು ಅಳೆಯುವವನು ಸಾಲಿನ ತರಬೇತುದಾರ ಕ್ರೆಸ್ಕಿ. ಮುದುಕ, ಗಂಟಲಲ್ಲಿ ಸದಾ ಜಲ್ಲಿಕಲ್ಲು ಉರುಳುವ ದನಿ. ಅಭ್ಯಾಸ ಮುಗಿದೊಡನೆ ಎಲ್ಲರನ್ನೂ ಬೆವರು ಆರುವ ಮೊದಲೇ ಪರದೆಯ ಕೋಣೆಗೆ ಕರೆದುಕೊಂಡು ಹೋಗಿ, ಚಿತ್ರೀಕರಿಸಿದ್ದನ್ನು ಹಿಂದೆಮುಂದೆ ಓಡಿಸಿ ತೋರಿಸುತ್ತಿದ್ದ. ಒಂದೊಂದು ಸಲ ಅಡ್ಡ ನಿಂತದ್ದಕ್ಕೂ ಒಂದೊಂದು ತೀರ್ಪು: ಸರಿಯಿದ್ದರೆ ಪ್ಲಸ್, ತಪ್ಪಿದರೆ ಮೈನಸ್. ಮಧ್ಯದ ಮಾತೇ ಇಲ್ಲ.

"ಮುಖ ನೋಡ್ಬೇಡ್ರೋ" ಎನ್ನುತ್ತಿದ್ದ. "ಮುಖ ನಾಟಕ ಮಾಡುತ್ತೆ. ಕಾಲು ನೋಡಿ. ಫೋಂಟೆನೊ, ನೋಡು ಇಲ್ಲಿ, ಮತ್ತೆ ನೆಟ್ಟಗೆ ನಿಂತೆ. ಮಂಡಿ ಬಗ್ಗಿಸೋ ಮಾರಾಯ! ನೆಟ್ಟಗೆ ನಿಂತೋನ್ನ ಗಾಳಿನೂ ಕೆಡವುತ್ತೆ. ಮೈನಸ್."

ಆ ಕೋಣೆಯ ಮೂಲೆಯಲ್ಲಿ ಊರುಗೋಲು ಒರಗಿಸಿಕೊಂಡು ಸ್ಟ್ರೌಡ್ ಕೂತಿರುತ್ತಿದ್ದ. ಕ್ರೆಸ್ಕಿ ಅವನ ಕಣ್ಣನ್ನು ನಂಬುತ್ತಿದ್ದ. ಸಂದೇಹ ಬಂದಾಗ ಅವನನ್ನೇ ಕೇಳುತ್ತಿದ್ದ. ತನ್ನ ಜಾಗಕ್ಕೆ ಬಂದವನ ತೂಕವನ್ನು ತಾನೇ ಹಾಕಬೇಕು. ಎಂಥ ಕೆಲಸ ನೋಡಿ. ಮೊದಲ ದಿನ ಅವನ ಕಣ್ಣು ಮೇಜಿನ ಕೆಳಗಿದ್ದ ನನ್ನ ಮೇಲೆ ಬಿತ್ತು. ಗುರುತು ಹಿಡಿದ. ಕೀಲನ್ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ, ಕದ್ದ ಮಾಲು ಬಚ್ಚಿಡುವವನಂತೆ.

ಅವನ ಆಟ ಮೆಲ್ಲಗೆ ಸುಧಾರಿಸಿತು. ಕೈ ಹಾಕುವ ಹೊತ್ತು ತಿಳಿಯಿತು, ಎದುರಾಳಿಯ ಎದೆಯನ್ನು ಹಿಡಿದು ನಿಲ್ಲಿಸುವ ಹದ ಬಂತು. ಪ್ಲಸ್ಸುಗಳು ಹೆಚ್ಚಾದವು. ಆದರೂ ಬಲಪಕ್ಕದಲ್ಲಿ ಯಾರಾದರೂ ಎಡವಿದರೆ ಸಾಕು, ನನ್ನೊಳಗಿನ ಮಂಡಿ ಹಾವು ತುಳಿದವನಂತೆ ಬೆಚ್ಚಿ ಸರಿಯುತ್ತಿತ್ತು.

ಕೊನೆಯ ಅಭ್ಯಾಸ ಪಂದ್ಯದಲ್ಲಿ ಅದು ಆಗಿಯೇ ಹೋಯಿತು. ಚೆಂಡು ಹಿಂದಕ್ಕೆ ಬಂತು, ಎಸೆಗಾರ ಕೈಯೆತ್ತಿದ. ನಮ್ಮ ಬಲಪಕ್ಕದ ಮೂರ್‌ಹೆಡ್ ಎದುರಾಳಿಯ ನೂಕಿಗೆ ಸಿಕ್ಕಿ ನಮ್ಮ ಕಡೆಗೇ ವಾಲತೊಡಗಿದ. ಬೀಳುತ್ತಿರುವ ಆ ಮೈಯನ್ನು ಕೀಲನ್ ಓರೆಗಣ್ಣಲ್ಲಿ ಕಂಡ. ಕಾಲು ಕಿತ್ತು ಎಡಕ್ಕೆ ಹಾರಿದ. ನಡುವೆ ಬಾಗಿಲು ತೆರೆದಂತಾಯಿತು. ಅದರೊಳಗಿಂದ ಒಬ್ಬ ಗುಂಡಿನಂತೆ ತೂರಿಹೋಗಿ ಎಸೆಗಾರನ ಹೆಗಲಿಗೆ ತನ್ನ ಇಡೀ ಮೈಯನ್ನು ಅಪ್ಪಳಿಸಿದ.

ಎಸೆಗಾರ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಅವನನ್ನು ಇಬ್ಬರು ಎಬ್ಬಿಸಿ ನಡೆಸಿಕೊಂಡು ಹೋದರು. ಹೆಗಲು ಕೀಲು ತಪ್ಪಿತ್ತು. ಜನ ಮೂರ್‌ಹೆಡ್‌ನ ಹೆಸರು ಹಿಡಿದು ಬೈದರು. ಬಿದ್ದವನು ಅವನೇ ತಾನೆ? ಟಿವಿಯವರೂ ಅದನ್ನೇ ಹೇಳಿದರು. ಹೊಸಬನದು ಮೆಚ್ಚುವಂಥ ಆಟ ಎಂದರು. ಕೀಲನ್ ಆ ಮಾತು ಕೇಳಿದ. ನನ್ನನ್ನು ಬಿಚ್ಚುವಾಗ ಅವನ ಬೆರಳು ಪಟ್ಟಿಯ ತುದಿಯನ್ನೇ ಹುಡುಕಲಾರದೆ ಹೋಯಿತು.

ಮರುದಿನ ಬೆಳಗ್ಗೆ ಲಘು ಅಭ್ಯಾಸ ಮುಗಿಸಿ ಪರದೆಯ ಕೋಣೆಗೆ ಹೋದೆವು. ಕ್ರೆಸ್ಕಿ ಆ ದೃಶ್ಯಕ್ಕೆ ಬಂದ.

"ಮೂರ್‌ಹೆಡ್" ಎಂದ, ದನಿ ತಗ್ಗಿಸಿ. ಅವನ ದನಿ ತಗ್ಗಿದರೆ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. "ಎಂಟು ವರ್ಷದಿಂದ ಆಡ್ತಿದೀಯ. ಇದಕ್ಕೇನಂತೀಯ?"

ಮೂರ್‌ಹೆಡ್ ತಲೆ ತಗ್ಗಿಸಿದ. "ಜಾರಿದೆ ಕೋಚ್."

ಸ್ಟ್ರೌಡ್ ಮೂಲೆಯಿಂದ, "ಇನ್ನೊಂದ್ಸಲ ಹಾಕಿ" ಎಂದ. ಹಾಕಿದರು. ಮತ್ತೊಮ್ಮೆ ಎಂದ. ಮತ್ತೊಮ್ಮೆ ಹಾಕಿದರು. ಆಮೇಲೆ ಅವನು ಪರದೆ ನೋಡುವುದನ್ನು ಬಿಟ್ಟು ಮೇಜಿನ ಕೆಳಗೆ ನನ್ನನ್ನು ನೋಡಿದ. ಕಾದ.

ನನ್ನೊಳಗಿನ ಮಂಡಿ ಎಷ್ಟು ನಡುಗುತ್ತಿತ್ತೆಂದರೆ ನನ್ನ ಕೀಲುಗಳು ಕಿಟಕಿಟ ಎನ್ನತೊಡಗಿದವು. ಸುಮ್ಮನಿದ್ದರೆ ಜಾಗ ಅವನದು. ಮಾತಾಡಿದರೆ ಸೀಗಡಿಯ ಊರಿಗೆ ವಾಪಸ್ಸು. ಸುಮ್ಮನಿರು, ಸುಮ್ಮನಿರು ಎಂದು ನಾನೂ ಬೇಡಿಕೊಂಡೆ; ಯಾಕೆಂದರೆ ಅವನು ಇಲ್ಲಿಂದ ಹೊರಬಿದ್ದರೆ ನಾನು ಮತ್ತೆ ಯಾರ ಕಾಲಿಗೋ.

"ಕೋಚ್" ಎಂದ ಕೀಲನ್. "ಅದು ಮೂರ್‌ಹೆಡ್ದಲ್ಲ. ನಂದು. ನಾನು ಅಲ್ಲೇ ನಿಂತಿದ್ರೆ ಅವನು ನನಗೆ ಆನ್ಕೋತಿದ್ದ, ಸಂದು ಬೀಳ್ತಿರಲಿಲ್ಲ. ನಾನು ಕಾಲು ಎತ್ಬಿಟ್ಟೆ."

"ಯಾಕೆ?"

"ಹೆದರ್ಕೊಂಡೆ."

ಕ್ರೆಸ್ಕಿ ಗಲ್ಲ ಕೆರೆದುಕೊಂಡ. "ಮೈನಸ್. ಮೂರ್‌ಹೆಡ್‌ಗಲ್ಲ, ನಿನಗೆ" ಎಂದು ಉಳಿದವರನ್ನು ಹೊರಗೆ ಕಳಿಸಿದ. ಕೋಣೆಯಲ್ಲಿ ಮೂವರು ಉಳಿದರು. ಆಗ ಸ್ಟ್ರೌಡ್, "ಕೋಚ್, ನಂದು ಹಾಕಿ" ಎಂದ.

"ನೀನು ಇದುವರೆಗೆ ನೋಡೇ ಇಲ್ಲವಲ್ಲೋ."

"ಹಾಕಿ."

ಪರದೆಯ ಮೇಲೆ ಒದ್ದೆ ಹುಲ್ಲು ಬಂತು. ನಾನು ನನ್ನನ್ನೇ ಕಂಡೆ. ಬೀಳುವ ಭಾರವನ್ನು ಕಂಡೆ. ಸದ್ದಿರಲಿಲ್ಲ, ಚಿತ್ರ ಮಾತ್ರ. ಆದರೆ ನನಗೆ ಕೇಳಿಸಿತು. ಕೀಲನ್ ಮುಖ ಪಕ್ಕಕ್ಕೆ ತಿರುಗಿಸಿದ.

"ನೋಡು" ಎಂದ ಸ್ಟ್ರೌಡ್. ಅವನ ಹಣೆಯಲ್ಲೂ ಬೆವರಿತ್ತು. "ಜನ ಏನಂತಾರೆ ಗೊತ್ತಾ? ಸ್ಟ್ರೌಡ್ ತಂಡಕ್ಕೆ ಕಾಲು ಕೊಟ್ಟ ಅಂತ. ಸುಳ್ಳು. ಪಕ್ಕದವನು ಬೀಳೋದನ್ನ ನಾನು ನೋಡ್ಲೇ ಇಲ್ಲ. ನೋಡಿದ್ರೆ ನಿನಗಿಂತ ಮುಂಚೆ ಹಾರ್ತಿದ್ದೆ. ಈಗ ನನ್ನ ಪಾದ ನೋಡು. ಗೂಟ ಹೊಡೆದ ಹಾಗೆ ನಿಂತಿದೆ. ಅದಕ್ಕೇ ಮಂಡಿ ಹೋಯ್ತು. ಕಾಲು ಎತ್ಬೇಡ, ನೆಡಲೂ ಬೇಡ. ಚಿಕ್ಕ ಚಿಕ್ಕ ಹೆಜ್ಜೆ ಇಡ್ತಾನೇ ಇರು. ಭಾರ ಬಿದ್ದಾಗ ಕಾಲು ಅದರ ಜೊತೆ ಸರೀಬೇಕು. ಹೆದರಿಕೆ ಇದ್ರೆ ಇರ್ಲಿ, ಪಾದ ನಿಲ್ಬಾರದು."

ಕ್ರೆಸ್ಕಿ ಕೇಳಿದ, "ಸ್ಟ್ರೌಡ್, ನೇರವಾಗಿ ಹೇಳು. ನೀನಾದ್ರೆ ಇವನನ್ನ ಇಟ್ಕೋತೀಯಾ?"

ಆ ಪ್ರಶ್ನೆಗೆ ಹೌದೆಂದರೆ ತನ್ನ ಗತಿ ಏನೆಂದು ಸ್ಟ್ರೌಡ್‌ಗೆ ತಿಳಿದಿತ್ತು. ಊರುಗೋಲಿನ ಹಿಡಿಯನ್ನು ಒಮ್ಮೆ ತಿರುವಿದ. "ಇಟ್ಕೋತೀನಿ. ಇವತ್ತು ಎಲ್ಲರೆದುರು ತಾನಾಗೇ ಹೇಳಿದನಲ್ಲ, ಅದನ್ನ ಕಲಿಸೋಕಾಗಲ್ಲ. ಪಾದ ಕಲಿಸ್ಬಹುದು."

ಉಳಿಯುವವರ ಹೆಸರು ತೀರ್ಮಾನವಾಗುವ ದಿನ ಆಟಗಾರರೆಲ್ಲ ತಮ್ಮ ತಮ್ಮ ಕಪಾಟಿನ ಮುಂದೆ ಕೂತಿದ್ದರು. ಕಚೇರಿಯ ಒಬ್ಬ ಮನುಷ್ಯ ಒಳಬಂದು, ಯಾರ ಹೆಗಲು ಮುಟ್ಟುತ್ತಾನೋ ಅವನಿಗೆ ತಂಡದ ಋಣ ತೀರಿತೆಂದು ಅರ್ಥ. ಅವನ ಬೂಟಿನ ಸದ್ದು ನಮ್ಮ ಸಾಲಿಗೆ ತಿರುಗಿತು. ಕೀಲನ್ ಕಣ್ಣು ಮುಚ್ಚಿಕೊಂಡ. ಬೂಟು ನಮ್ಮ ಮುಂದೆ ಬಂತು, ನಿಧಾನವಾಯಿತು, ದಾಟಿತು. ಸಾಲಿನ ಕೊನೆಯಲ್ಲಿ ಆ ಮನುಷ್ಯ ಸ್ಟ್ರೌಡ್‌ನ ಹೆಗಲ ಮೇಲೆ ಕೈ ಇಟ್ಟ. ಸ್ಟ್ರೌಡ್ ಹೋಗುವಾಗ ಕೀಲನ್ ಎದ್ದು ನಿಂತ. ಸ್ಟ್ರೌಡ್, "ಪಾದ" ಎಂದಷ್ಟೇ ಹೇಳಿ ಹೊರಟುಹೋದ.

ಮೊದಲ ನಿಜವಾದ ಪಂದ್ಯ. ಬದಲಿ ಎಸೆಗಾರ ನಮ್ಮ ಹಿಂದೆ. ಸಾವಿರಾರು ಗಂಟಲುಗಳ ಸದ್ದಿಗೆ ನೆಲವೇ ಅದುರುತ್ತಿತ್ತು. ಆಟದ ನಡುವೆ ಮೂರ್‌ಹೆಡ್ ಮತ್ತೆ ನಮ್ಮ ಕಡೆಗೆ ವಾಲಿದ. ಇನ್ನೊಂದು ದೈತ್ಯ ಮೈಯೂ ಅವನ ಜೊತೆಗೇ ಉರುಳಿ ಬಂತು. ಕೀಲನ್ ಕಂಡ. ನಡುಗಿದ. ಆದರೆ ಹಾರಲಿಲ್ಲ. ಪಾದ ಚಿಟಿಕೆಯಂಥ ಹೆಜ್ಜೆ ಇಡುತ್ತಲೇ ಇತ್ತು. ಭಾರ ನನ್ನ ಮೇಲೆ ಬಿತ್ತು. ಕಾರ್ಖಾನೆಯ ಯಂತ್ರ ನನ್ನ ಜೊತೆ ಹುಟ್ಟಿದವನನ್ನು ಬಾಗಿಸಿದ ಹಾಗೆ ನಾನು ಬಾಗಿದೆ, ಇನ್ನಷ್ಟು ಬಾಗಿದೆ. ಕಾಲು ಸರಿಯಿತು. ನನ್ನ ಹೊರಕೀಲು ಮುರಿಯಿತು. ಮಂಡಿ ಉಳಿಯಿತು. ಚೆಂಡು ನಮ್ಮ ತಲೆಯ ಮೇಲಿಂದ ಹಾರಿಹೋಯಿತು.

ಮರುದಿನ ಕ್ರೆಸ್ಕಿ ಪ್ಲಸ್ ಎಂದನಂತೆ. ನಾನು ಆ ಕೋಣೆಯಲ್ಲಿರಲಿಲ್ಲ. ಇವೊನ ಉಗ್ರಾಣದ ಕೆಳಗಿನ ಹಲಗೆಯ ಮೇಲೆ ಬಿದ್ದಿದ್ದೆ. ಕೀಲನ್ ಒಮ್ಮೆ ಬಂದು ನನ್ನನ್ನು ಕೈಗೆತ್ತಿಕೊಂಡು, ಮುರಿದ ಜಾಗವನ್ನು ಹೆಬ್ಬೆರಳಲ್ಲಿ ಸವರಿ ಇಟ್ಟುಹೋದ. ಆಮೇಲೆ ಅವನು ಬಹಳ ಕಾಲ ಆಡಿದ. ಪಂದ್ಯದ ಬೆಳಗ್ಗೆ ಬಚ್ಚಲಲ್ಲಿ ಕಾರುವುದು ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲವಂತೆ. ಇವೊ ಯಾರಿಗೋ ಹೇಳುತ್ತಿದ್ದ.

ಉಗ್ರಾಣ ಬದಲಾದಾಗ ನನ್ನನ್ನು ಗುಜರಿಗೆ ಹಾಕಿದರು. ಅಲ್ಲಿ ಲೋಹ ಬೇರ್ಪಡಿಸುವ ಯೂಲಾ ಎಂಬ ಹೆಂಗಸಿನ ಕೈಗೆ ಬಿದ್ದೆ. ವಯಸ್ಸಾದವಳು, ಮಂಡಿ ಊದಿಕೊಂಡವಳು. ನುಜ್ಜುಮಾಡುವ ಯಂತ್ರ ಪಕ್ಕದಲ್ಲೇ ಬಾಯಿ ತೆರೆದು ನಿಂತಿತ್ತು. ಅವಳು ನನ್ನನ್ನು ತಿರುಗಿಸಿ ನೋಡಿದಳು, "ಅಯ್ಯೋ, ಆನೆ ಕಾಲಿಂದಿದ್ದಂಗಿದೆ" ಎಂದು ನಕ್ಕಳು, ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಕೀಲಿಗೆ ಒಂದು ಬೋಲ್ಟು ಜಡಿದು, ಒಳಗೆ ಟವೆಲ್ ಸುತ್ತಿ ಕಟ್ಟಿಕೊಳ್ಳುತ್ತಾಳೆ. ಅವಳ ಬಟ್ಟೆ ಒಗೆಯುವ ಯಂತ್ರ ನೆಲಮಾಳಿಗೆಯಲ್ಲಿದೆ. ಇಳಿಯುವ ಮೆಟ್ಟಿಲು ಕಡಿದಾದದ್ದು, ಹಿಡಿಗಂಬಿ ಸಡಿಲ. ಮೇಲಿನ ಮೆಟ್ಟಿಲಲ್ಲಿ ಬಟ್ಟೆಯ ಬುಟ್ಟಿ ಹಿಡಿದು ನಿಂತಾಗ ಅವಳ ಮಂಡಿ ನನ್ನೊಳಗೆ ನಡುಗುತ್ತದೆ. ದೈತ್ಯರ ಮಂಡಿಯಲ್ಲಿ ನಾನು ಕಂಡದ್ದೂ ಇದೇ ನಡುಕ, ಅದಕ್ಕಿಂತ ಚಿಕ್ಕದೇನಲ್ಲ. ಹಿಂದೆ ಕೂಗುವ ಜನ ಇಲ್ಲ, ಅಷ್ಟೇ. ನಾನು ಎಷ್ಟು ತಡೆದೇನೋ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಇಬ್ಬರಿಗೂ ಹೆದರಿಕೆಯೇ.

ಅವಳು ಒಮ್ಮೆ ಉಸಿರೆಳೆದುಕೊಂಡು, "ನಡೀ ಮತ್ತೆ" ಎನ್ನುತ್ತಾಳೆ. ನನಗೋ, ತನ್ನ ಕಾಲಿಗೋ, ತಿಳಿಯದು. ಇಳಿಯುತ್ತೇವೆ.