ಮೂರು ತವರಿನ ಉಡಚಮ್ಮ

ಜಗಳೂರಿನ ಜಂಪಣ್ಣನ ಕಂಕುಳಲ್ಲಿದ್ದ ಸೀರೆಯ ಗಂಟನ್ನು ಸಾವಂತ್ರಮ್ಮ ಕಿತ್ತುಕೊಂಡವಳೇ ಒಣಮೀನಿನ ಬುಟ್ಟಿಯೊಳಗೆ ತುರುಕಿ ಮೇಲೆ ಗೋಣಿತಾಟು ಎಳೆದಳು. ಜಂಪಣ್ಣ ಕಕ್ಕಾಬಿಕ್ಕಿಯಾದ. ಸತ್ತ ತಂಗಿಗೆಂದು ಅಣ್ಣ ತಂದ ಸೀರೆಯನ್ನು ಯಾರಾದರೂ ಕಳ್ಳಮಾಲಿನ ಹಾಗೆ ಬಚ್ಚಿಡುತ್ತಾರೆಯೇ?

“ಮಾವ, ನೀವು ಹಿತ್ತಲಾಗೆ ಕುಂದರ್ರಿ. ನಾನು ಕರೆಯೋಗಂಟ ಈ ಕಡೆ ಬರಬ್ಯಾಡ್ರಿ” ಎಂದು ಅವನನ್ನು ಹಿಂಬಾಗಿಲಿಂದ ಹೊರಗೆ ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಹೊನ್ನಾಳಿಯ ವಿರೂಪಾಕ್ಷಪ್ಪನನ್ನು ಆಗಲೇ ಪಕ್ಕದ ಮನೆಗೆ ಚಹಾ ಕುಡಿಯಲು ಸಾಗಿಸಿ ಆಗಿತ್ತು. ನ್ಯಾಮತಿಯ ಗಿಡ್ಡಪ್ಪ ಒಬ್ಬ ಬರುವುದು ಬಾಕಿ. ಅವನೂ ಬಂದರೆ ಎಲ್ಲಿ ಕೂರಿಸುವುದೋ ಆ ದೇವರೇ ಬಲ್ಲ.

ಪಡಸಾಲೆಯಲ್ಲಿ ಅತ್ತೆ ಉಡಚಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಮುಖದಲ್ಲಿ ಒಂದಿಷ್ಟೂ ಚಿಂತೆಯಿಲ್ಲ. ಮಾಡುವುದನ್ನೆಲ್ಲ ಮಾಡಿಟ್ಟು ಹಿಂಗೆ ಹಾಯಾಗಿ ಕುಂತೀಯಲ್ಲ ಎಂದು ಸಾವಂತ್ರಮ್ಮನಿಗೆ ಅಳುವಿನ ನಡುವೆಯೂ ಸಿಟ್ಟು ಬಂತು.

ಸೂಳೆಕೆರೆ ಮಗ್ಗುಲಿನ ಆ ಊರಲ್ಲಿ, ಹೆಣ್ಣಿಗೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವುದಿಲ್ಲ. ಉಡಚಮ್ಮನಿಗೆ ಮೂರು ತವರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲ. ಬಲ್ಲವಳು ಸೊಸೆ ಒಬ್ಬಳೇ. ಮಗ ಓಂಕಾರಪ್ಪ ಪಾಪದವನು. ನಿನ್ನೆ ಸಂಜೆ ಅವ್ವನ ಉಸಿರು ನಿಂತದ್ದೇ ಚನ್ನಗಿರಿ ಬಸ್ ನಿಲ್ದಾಣಕ್ಕೆ ಓಡಿ, ಮೂರೂ ದಿಕ್ಕಿನ ಕಂಡಕ್ಟರುಗಳ ಕೈಲಿ ಸಾವಿನ ಸುದ್ದಿ ಹೇಳಿ ಕಳಿಸಿಬಿಟ್ಟಿದ್ದ. ದೂರದ ನೆಂಟರು ಅಂತ ಅವನ ಲೆಕ್ಕ. ಮೂವರೂ ಎದುರುಬದುರಾದರೆ ಅತ್ತೆಯ ಬಣ್ಣ ಬಯಲಾಗುತ್ತದೆ, ಸಿಟ್ಟಿಗೆದ್ದು ಮೂವರೂ ಸೀರೆ ವಾಪಸು ಒಯ್ಯುತ್ತಾರೆ, ಆಗ ಅತ್ತೆ ಹುಟ್ಟಿದ ಮನೆಯಿಲ್ಲದವಳಾಗಿಯೇ ಮಣ್ಣಿಗೆ ಹೋಗಬೇಕು. ಸಾವಂತ್ರಮ್ಮ ಒಬ್ಬೊಬ್ಬರನ್ನು ಒಂದೊಂದು ಕಡೆ ಬಚ್ಚಿಡುತ್ತಿದ್ದುದು ಅದಕ್ಕೇ.

*

ಮಾರಿಬೇನೆಯ ವರ್ಷ ಕೆರೆ ಏರಿಯ ಮೇಲೆ ಅಳುತ್ತ ನಿಂತಿದ್ದ ನಾಲ್ಕೈದು ವರ್ಷದ ಹುಡುಗಿ ಉಡಚಮ್ಮ. ಊರು ಹೇಳಲು ಬರಲಿಲ್ಲ, ಅಪ್ಪನ ಹೆಸರು ಕೇಳಿದರೆ ‘ಅಪ್ಪ’ ಎಂದಳು. ಮೀನು ಹಿಡಿಯುವವರ ಮನೆಯವರು ಹೆಸರಿಟ್ಟು ಸಾಕಿಕೊಂಡು, ದೊಡ್ಡವಳಾದ ಮೇಲೆ ತಮ್ಮ ಮಗನಿಗೇ ತಂದುಕೊಂಡರು. ಒಳ್ಳೆಯ ಜನ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಆದರೆ ಪಂಚಮಿ ಬಂದರೆ ಓಣಿಯ ಹೆಂಗಸರೆಲ್ಲ ಕರೆಯಲು ಬಂದ ಅಣ್ಣನ ಹಿಂದೆ ತವರಿಗೆ ಹೊರಡುವರು, ಉಡಚಮ್ಮ ಏರಿಯ ಮೇಲೆ ಮೀನು ಒಣಹಾಕುತ್ತ ಕೂರುವಳು.

ಗಂಡ ತೀರಿಕೊಂಡ ಮೇಲೆ ಒಣಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿದಳು. ಇವತ್ತು ಹೊನ್ನಾಳಿ, ನಾಡಿದ್ದು ನ್ಯಾಮತಿ, ತಿಂಗಳಿಗೊಮ್ಮೆ ಜಗಳೂರು. ಕಂಡಕ್ಟರು ಮೂಗು ಮುಚ್ಚಿಕೊಂಡು ಬೈದರೆ, ಅವನ ಹೆಂಡತಿಯ ತವರಿನಲ್ಲಿ ಎಮ್ಮೆ ಈದ ಸುದ್ದಿ ಹೇಳಿ ಬಾಯಿ ಮುಚ್ಚಿಸುವಳು. ಕೊಟ್ಟ ಮಗಳು ಬಸುರಿಯಾದದ್ದು, ಮೊಮ್ಮಗ ಎಸ್ಸೆಸ್ಸೆಲ್ಸಿ ಪಾಸಾದದ್ದು, ಮುನಿಸಿಕೊಂಡ ಅಳಿಯ ಕರಗಿದ್ದು, ಎಲ್ಲವೂ ಅವಳ ಬಾಯಲ್ಲೇ ಊರಿಂದೂರಿಗೆ ಹೋಗಬೇಕು. ಮೀನು ಕೊಳ್ಳದವರೂ ಸುದ್ದಿಗೆಂದು ಕರೆದು ಕೂರಿಸುವರು. ನಿಮ್ಮ ತಾತ ಯಾರು, ಅವನ ತಂಗಿಯನ್ನು ಎಲ್ಲಿಗೆ ಕೊಟ್ಟಿದ್ದರು ಎಂದು ಕೆದಕಿ ಕೆದಕಿ ಮೂರು ತಲೆಮಾರು ತಿಳಿದುಕೊಳ್ಳುವಳು. ಹೀಗೆ ಕೆದಕುವಾಗಲೇ ಮೂರು ಊರಿನ ಮೂರು ಮನೆಗಳಲ್ಲಿ ಮಾರಿಬೇನೆಯ ವರ್ಷ ಕಳೆದುಹೋದ ಒಬ್ಬೊಬ್ಬ ಹುಡುಗಿ ಸಿಕ್ಕಿದಳು. ಮೂರೂ ಮನೆಯಲ್ಲಿ ಉಡಚಮ್ಮ ‘ಅದು ನಾನೇ’ ಎಂದಳು.

ಅಲ್ಲಿಂದ ಪಂಚಮಿಗೆ ಜಗಳೂರು, ದೀಪಾವಳಿಗೆ ಹೊನ್ನಾಳಿ, ಯುಗಾದಿಗೆ ನ್ಯಾಮತಿ. ಒಂದು ಪಂಚಮಿಯ ಹಿಂದಿನ ದಿನ ಸಾವಂತ್ರಮ್ಮ, ನಿಜವಾದ ತವರು ಯಾವುದು ಅತ್ತೆ, ನನಗಾದರೂ ಹೇಳು ಎಂದು ದುಂಬಾಲು ಬಿದ್ದಳು.

“ನನಗೇನು ಗೊತ್ತು ಕಣೆ ಸಾವಂತ್ರಿ? ಮೂರ್ರಾಗೆ ಯಾವುದಾದ್ರೂ ಇದ್ದೀತು, ಯಾವುದೂ ಅಲ್ಲದೇನೂ ಇದ್ದೀತು. ಒಂದನ್ನ ಹಿಡಿದ್ರೆ ಇನ್ನೆರಡು ಬಿಡಬೇಕು. ಆ ಎರಡು ಮನೇರು ಬಾಗಲು ನೋಡ್ತಾ ಕುಂತಿರ್ತಾರಲ್ಲ, ಅವರಿಗೆ ಏನು ಹೇಳಾಕೆ ಆಕ್ಕತಿ?” ಎಂದು ಉಡಚಮ್ಮ ಜಗಳೂರಿಗೆ ಚೀಲ ಕಟ್ಟಿಕೊಳ್ಳುತ್ತ ನಕ್ಕಿದ್ದಳು.

*

ಚಟ್ಟ ಕಟ್ಟಿದ್ದಾಯಿತು. ಊರ ಹಿರಿಯ ಗೋಣೆಪ್ಪ ಬಾಗಿಲಲ್ಲಿ ನಿಂತು, ತವರಿನವರು ಸೀರೆ ತರಬೇಕೆಂದು ಊರಿಗೆಲ್ಲ ಕೇಳುವಂತೆ ಕೂಗಿದ. ಹಿತ್ತಲಿಂದ ಜಂಪಣ್ಣ ಬಂದ, ಪಕ್ಕದ ಮನೆಯಿಂದ ವಿರೂಪಾಕ್ಷಪ್ಪ ಬಂದ, ಆಗಷ್ಟೇ ಬಸ್ಸಿಳಿದ ಗಿಡ್ಡಪ್ಪ ಬೀದಿಯಿಂದಲೇ ನೆಟ್ಟಗೆ ಒಳಗೆ ಬಂದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಜಂಪಣ್ಣ ಅವಳು ತನ್ನ ಚಿಕ್ಕಪ್ಪನ ಮಗಳು ಎಂದ. ವಿರೂಪಾಕ್ಷಪ್ಪ, ಎಪ್ಪತ್ತು ದಾಟಿದ ಮುದುಕ, ಅದು ಹೆಂಗಾಗುತ್ತದೆ, ತನ್ನ ಒಡಹುಟ್ಟಿದವಳನ್ನು ತಾನೇ ಎತ್ತಿ ಆಡಿಸಿದ್ದೇನೆ ಎಂದು ಕೋಲು ಕುಟ್ಟಿದ. ನೆರೆದವರಲ್ಲಿ ಗುಸುಗುಸು ಎದ್ದಿತು. ಸಾವಂತ್ರಮ್ಮ ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅತ್ತೆಯ ಕಾಲ ಬಳಿ ಕೂತು, ಅವತ್ತು ಅವಳು ಆಡಿದ ಮಾತನ್ನು ಒಂದೂ ಬಿಡದೆ ಹೇಳಿದಳು. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಅವಳನ್ನು ಬರಿಮೈಲಿ ಕಳಿಸಬೇಡಿ ಎಂದು ಕೈಮುಗಿದಳು.

ವಿರೂಪಾಕ್ಷಪ್ಪ ಸೀರೆಯನ್ನು ಮತ್ತೆ ಚೀಲಕ್ಕೆ ಹಾಕತೊಡಗಿದ. ಆಗ ಅದುವರೆಗೆ ತುಟಿ ಬಿಚ್ಚದ ಗಿಡ್ಡಪ್ಪ ಕೆಮ್ಮಿದ.

“ನನಗೆ ಮೊದಲ್ನೇ ದಿನಾನೇ ಗೊತ್ತಿತ್ತು ಕಣ್ರಿ. ಕಳೆದೋದ ನಮ್ಮಕ್ಕಗೆ ಎಡಗಣ್ಣಾಗೆ ಹೂ ಬಿದ್ದು ಕಾಣ್ತಿರಲಿಲ್ಲ. ಈಯಮ್ಮಗೆ ಎರಡೂ ಕಣ್ಣು ಹದ್ದಿನ ಕಣ್ಣು.”

“ಮತ್ತೆ ಯಾಕೆ ಸುಮ್ಕಿದ್ದೆ?” ಎಂದು ಗೋಣೆಪ್ಪ ಕೇಳಿದ.

“ನಮ್ಮವ್ವ ಸಾಯಾಕೆ ಬಿದ್ದಿದ್ಲು, ಎಂಟು ದಿನದಿಂದ ಅನ್ನ ಮುಟ್ಟಿರಲಿಲ್ಲ. ಮಗಳು ಬಂದ್ಲು ಅಂದ್ವಿ. ಮುಖ ಸವರಿದ್ಲು, ಎರಡೂ ಕಣ್ಣು ಮುಟ್ಟಿ ಮುಟ್ಟಿ ನೋಡಿದ್ಲು. ಅವ್ವಗೂ ಗೊತ್ತಾಗಿರಬೇಕು. ಆದ್ರೂ ಈಕಿ ಕೈಲೇ ಒಂದು ಮುದ್ದೆ ಉಂಡ್ಲು. ಆಮೇಲೆ ಎರಡು ವರ್ಷ ಬದುಕಿದ್ಲು.”

ಗಿಡ್ಡಪ್ಪ ತನ್ನ ಹಸಿರು ಸೀರೆ ಬಿಚ್ಚಿ ನಿಂತ. ಒಂದು ಗಳಿಗೆ ತಡೆದು ವಿರೂಪಾಕ್ಷಪ್ಪ ಅವನ ಕೈ ಹಿಡಿದ. ಹಿರಿಯಣ್ಣ ತಾನಿರುವಾಗ ಕಿರಿಯವನು ಮೊದಲು ಹೊದಿಸುವುದು ಯಾವ ಊರ ಪದ್ಧತಿ ಎಂದು ಗದರಿ, ಚೀಲದಿಂದ ಸೀರೆ ಹೊರಗೆ ತೆಗೆದ. ಸಾವಂತ್ರಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂತು, ಎರಡನ್ನೂ ತಡೆಯಲಿಲ್ಲ. ಜಂಪಣ್ಣನ ಸೀರೆ ಬುಟ್ಟಿಯಿಂದ ಬರುವಾಗ ಒಣಮೀನು ಘಮ್ಮೆಂದಿತು. ಅವನು ಹಿಂಜರಿದಾಗ ಗೋಣೆಪ್ಪ, ಅದು ಅವಳ ವಾಸನೆಯೇ ಕಣಪ್ಪ, ಹೊದಿಸು ಎಂದ. ಸಾವಿನ ಮನೆ ಬಿದ್ದು ಬಿದ್ದು ನಕ್ಕಿತು. ಮೂರು ಸೀರೆ ಹೊತ್ತ ಉಡಚಮ್ಮ ಮದುಮಗಳ ಹಾಗೆ ಚಟ್ಟದ ತುಂಬ ಕೂತು ಹೋದಳು.

ಮಣ್ಣು ಮಾಡಿ ಕೆರೆಯಲ್ಲಿ ಮಿಂದು ಬರುವಷ್ಟರಲ್ಲಿ ಮೂವರ ಮಾತೂ ಏಕವಚನಕ್ಕೆ ಇಳಿದಿತ್ತು. ಜಂಪಣ್ಣನಿಗೆ ಮದುವೆಗೆ ಬಂದ ಮೊಮ್ಮಗಳಿದ್ದಾಳೆಂದು ತಿಳಿದು, ವಿರೂಪಾಕ್ಷಪ್ಪ ತನ್ನ ಮೊಮ್ಮಗನ ಮಾತು ತೆಗೆದ. ಈ ಮಾತು ಬೆಳಿಗ್ಗೆ ಬಂದಿದ್ದರೆ ಆಗುತ್ತಿತ್ತು, ಈಗ ನೀವು ಅಣ್ಣತಮ್ಮಂದಿರಾದಿರಿ, ಹೆಣ್ಣು ಕೊಟ್ಟು ತರುವ ಹಾಗಿಲ್ಲ ಎಂದು ಗೋಣೆಪ್ಪ ತೀರ್ಪು ಕೊಟ್ಟ. ವಿರೂಪಾಕ್ಷಪ್ಪ ಪೇಚಾಡಿಕೊಂಡು, ಹಂಗಾದರೆ ಬೇರೆ ಕಡೆ ಗಂಡು ಹುಡುಕುವ ಜವಾಬ್ದಾರಿ ನನ್ನದು ಎಂದ.

ಸಂಜೆ ಸಾವಂತ್ರಮ್ಮ ಅಂಗಳ ಗುಡಿಸಿ ನೀರು ಹಾಕುತ್ತಿದ್ದಳು. ಊರ ಮುಂದೆ ಚನ್ನಗಿರಿಯ ಬಸ್ಸು ಬಂದು ನಿಂತು, ಎರಡು ಸಲ ಹಾರನ್ ಹೊಡೆದು, ಧೂಳೆಬ್ಬಿಸಿಕೊಂಡು ಹೊರಟುಹೋಯಿತು. ಧೂಳು ತಿಳಿಯಾದಾಗ ನೋಡಿದಳು. ಬಸ್ಸು ನಿಲ್ಲುವಲ್ಲಿನ ಕಲ್ಲಿನ ಮೇಲೆ ಮೂರು ಒದ್ದೆ ರುಮಾಲುಗಳು ಬಸ್ಸು ಹತ್ತದೆ ಹಾಗೆಯೇ ಕೂತಿದ್ದವು. ನಡುವಿನ ಗಿಡ್ಡಪ್ಪ ಒಂದೊಂದೇ ಬೆರಳು ಮಡಚುತ್ತ ಯಾರ ಮಗಳನ್ನು ಯಾವ ಊರಿಗೆ ಕೊಟ್ಟದ್ದು ಎಂದು ಹೇಳುತ್ತಿದ್ದ, ಅವನ ಬೆರಳು ಮುಗಿದಾಗ ಜಂಪಣ್ಣ ತನ್ನ ಕೈ ಮುಂದಕ್ಕೆ ಚಾಚಿದ.