ಮಸುಕಾಗಿ ಕಂಡ ಹೆಸರುಗಳು

ಕಾಪುವಿನ ಸ್ಟುಡಿಯೋ ಮುಚ್ಚಿದ ಮೇಲೆ ಅಲೆಕ್ಸಾಂಡರ್ ತಾನು ತೆಗೆದ ಮದುವೆಗಳ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಉಳಿಸುತ್ತಿದ್ದ. ಫಂಗಸ್ ಹಿಡಿಯುವ ಮೊದಲು ಮುಗಿಸಬೇಕಿತ್ತು, ಅರ್ಧವೂ ಆಗಿರಲಿಲ್ಲ. ಕಂಪ್ಯೂಟರ್ ತೆವಳುತ್ತಿತ್ತು. ಅವನು ಕಾರ್ಕಳಕ್ಕೆ ಹೋದ ದಿನ ಹೆಂಡತಿ ಲೊರ್ನಾ ಪಕ್ಕದ ಮನೆಯ ಆಶ್ರಿತಾಳನ್ನು ಕರೆದಳು.

"ಬಳಸದ ಡ್ರೈವರ್‌ಗಳು ರಾಶಿ ಉಂಟು, ಲೊರ್ನಾಬಾಯಿ," ಎಂದಳು ಆಶ್ರಿತಾ. "ಈ ಪಟ್ಟಿಯಲ್ಲಿ ಮಸುಕಾಗಿ ಕಾಣುವ ಹೆಸರೆಲ್ಲ ಈಗ ಜೋಡಿಸದ ಯಂತ್ರಗಳನ್ನು ನಡೆಸುವ ಪ್ರೋಗ್ರಾಮುಗಳದ್ದು. ತೆಗೆಯುವುದಾ?"

"ತೆಗಿ ಮಾರಾಯ್ತಿ. ಅವರಿಗೆ ಖುಷಿಯಾದೀತು."

ಸಂಜೆ ಅಲೆಕ್ಸಾಂಡರ್ ಕಪಾಟಿನಿಂದ ಸ್ಕ್ಯಾನರ್ ತಂದು, ಸುತ್ತಿದ್ದ ಬೈರಾಸು ಬಟ್ಟೆ ಬಿಚ್ಚಿದ. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಕೆಲಸ ಮುಗಿದೊಡನೆ ಅದನ್ನು ಕಳಚಿ ಸುತ್ತಿಡುವುದು ಅವನ ಕ್ರಮ. ಅದು ಲೊರ್ನಾಗೂ ಗೊತ್ತಿತ್ತು. ಕಂಪ್ಯೂಟರ್ ಬೇಗನೆ ತೆರೆಯಿತು, ಆದರೆ ಸ್ಕ್ಯಾನರನ್ನು ಗುರುತಿಸಲಿಲ್ಲ. ಲೊರ್ನಾ ಮಧ್ಯಾಹ್ನದ ಸಂಗತಿ ಹೇಳಿದಳು; ಆಶ್ರಿತಾ ತೆಗೆದವುಗಳಲ್ಲಿ ಸ್ಕ್ಯಾನರಿನ ಡ್ರೈವರೂ ಇತ್ತು. ಅದನ್ನು ಮತ್ತೆ ಹಾಕಲು ಬೇಕಾದ ಸಿ.ಡಿ. ಯಾವತ್ತೋ ಹಾಳಾಗಿತ್ತು, ತಯಾರಿಸಿದ ಕಂಪನಿಯೂ ಮುಚ್ಚಿತ್ತು.

"ಆಶ್ರಿತಾಳಿಗೆ ಎಂತದೂ ಹೇಳಬೇಡ," ಎಂದ ಅವನು. "ಪಾಪ, ಮಧ್ಯಾಹ್ನವೆಲ್ಲ ಕೂತಿದ್ದಾಳೆ."

"ನನಗಾದರೂ ಬೈಯಿರಿ."

ಅವನು ಸ್ಕ್ಯಾನರನ್ನು ಮತ್ತೆ ಬೈರಾಸಿನಲ್ಲಿ ಸುತ್ತಿ, ಈ ಸಲ ಗಂಟು ಹಾಕಿದ. ಮೇಜಿನ ಮೇಲೆ ಉಚ್ಚಿಲದ ಒಂದು ಮದುವೆಯ ನೆಗೆಟಿವ್ ಉಳಿದಿತ್ತು. ಲೊರ್ನಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮದುಮಗಳ ಕೆನ್ನೆಯ ಮೇಲೆ ಫಂಗಸ್ ಆಗಲೇ ಹಬ್ಬತೊಡಗಿತ್ತು.