ಹಳದಿ ಇಂಟು ಗುರುತು

ಓಕ್ ಮರದ ತೊಗಟೆ ಮೇಲೆ ಒಂದು ಇರುವೆ, ಮಾಸಿದ ಹಳದಿ ಬಣ್ಣದ ಅಂಚಿನವರೆಗೆ ಬಂದು, ಮೀಸೆ ಆಡಿಸಿ, ಏನೋ ಯೋಚಿಸಿದ ಹಾಗೆ ನಿಂತು, ವಾಪಸ್ ತಿರುಗಿತು — ಅಯ್ಯೋ ಜಾಣೆ, ನಿನಗೂ ಗೊತ್ತಾ ಈ ಕಡೆ ದಾರಿ ಇಲ್ಲ ಅಂತ — ಯುಗೆಟ್‌ಗೆ ನಗು ಬಂತು, ನಕ್ಕರೆ ಮಂಡಿ ನೋಯಿತು, ಮಂಡಿಗೂ ನಗುವಿಗೂ ಏನು ಸಂಬಂಧವೋ, ಎಪ್ಪತ್ತೆರಡಕ್ಕೆ ಮೈಯಲ್ಲಿ ಎಲ್ಲಕ್ಕೂ ಎಲ್ಲದರ ಸಂಬಂಧ, ಡಾಕ್ಟರು ಹೇಳಿದರಲ್ಲ, ಮದಾಮ್, ಗುಡ್ಡ ಹತ್ತೋದು ಇದೇ ಕೊನೆ, ಇನ್ನು ಹತ್ತಿದ್ರೆ ನನ್ನ ಕೇಳ್ಬೇಡಿ, ಅಂದರೆ ಇವತ್ತು, ಮೇ ಒಂದನೇ ತಾರೀಖು, ಇಡೀ ದೇಶಕ್ಕೆ ರಜೆ, ಅವಳಿಗೆ ಗುಡ್ಡದ ದಾರಿಗೆ ಗುರುತು ಬಳಿಯುವ ಕೊನೆಯ ಕೆಲಸ — ಬರುವ ಭಾನುವಾರ ಬಣ್ಣದ ಡಬ್ಬಿ, ಬ್ರಷ್ಷು, ಪಾಚಿ ಕೆರೆಯುವ ಕತ್ತಿ ಎಲ್ಲ ಅಂಚೆ ಕಚೇರಿಯ ಮಾಯೆಲ್ ಕೈಗೆ, ಒಳ್ಳೆ ಹುಡುಗಿ, ಕಾಲು ಗಟ್ಟಿ ಇದೆ, ಕೇಳಿದ್ದಳು, ಒಂದು ಗೀಟು ಅಂದ್ರೆ ನೇರ ಹೋಗಿ, ಬಾಗಿದ ಗೀಟು ಅಂದ್ರೆ ತಿರುಗಿ, ಇಂಟು ಅಂದ್ರೆ ಈ ಕಡೆ ಬೇಡ, ಇಷ್ಟೇನಾ ಮದಾಮ್, ಇಷ್ಟೇ ಮಗಾ, ಮೂವತ್ತೊಂದು ವರ್ಷ ನಾನು ಬರೆದದ್ದು ಈ ಮೂರೇ ಅಕ್ಷರ, ಊರು ನೋಡಲು ಬಂದವರೆಲ್ಲ ನಡೆದದ್ದು ಇವನ್ನೇ ನಂಬಿಕೊಂಡು, ಸಂಬಳ ಇಲ್ಲ, ವರ್ಷಕ್ಕೊಮ್ಮೆ ದಾರಿ ಸಮಿತಿಯವರು ಊಟ ಹಾಕಿಸುತ್ತಾರೆ, ಆ ಊಟಕ್ಕೂ ಉಪ್ಪು ಕಮ್ಮಿ.

ಬೆಳಗಿನಿಂದ ಏನೆಲ್ಲ ನೋಡಿಕೊಂಡು ಬಂದಳು, ನೂರು ಸಲ ನೋಡಿದ್ದೇ, ಆದರೂ ಕಣ್ಣು ತುಂಬಲಿಲ್ಲ — ಕೆಳಗೆ ಬಟ್ಟೆ ಒಗೆಯುವ ಹಳೇ ತೊಟ್ಟಿ, ಅದರ ಅಂಚಿನ ಕಲ್ಲು ಅವಳ ಅಜ್ಜಿ ಮುತ್ತಜ್ಜಿಯರು ಉಜ್ಜಿ ಉಜ್ಜಿ ನಡುವೆ ತಗ್ಗು ಬಿದ್ದದ್ದು, ಈಗ ಅಲ್ಲಿ ಬಟ್ಟೆ ಇಲ್ಲ, ಬರೀ ಕಪ್ಪೆಮರಿ, ಬೇಸಿಗೆಗೆ ಬಂದವರು ಅದರ ಫೋಟೋ ತೆಗೆದು ತೆಗೆದು ಸುಸ್ತಾಗುತ್ತಾರೆ, ಒಂದು ದುಪ್ಪಟಿ ಒಗೆದಿದ್ದರೂ ಇಷ್ಟು ಸುಸ್ತಾಗುತ್ತಿರಲಿಲ್ಲ — ಆಮೇಲೆ ಪಾರಿವಾಳದ ಗೋಪುರ, ಪಾರಿವಾಳ ಒಂದೂ ಇಲ್ಲ, ನಾಲ್ಕು ಕಂಬದ ಮೇಲೆ ಚೂಪು ಟೋಪಿ ಹಾಕಿಕೊಂಡು ನಿಂತಿದೆ, ಏನು ಠೀವಿ ಅದರದ್ದು — ದಾರಿಬದಿಯ ಹುಲ್ಲಿನಲ್ಲಿ ಜೇನ್ನೊಣದ ವೇಷ ಹಾಕಿದ ಆ ಪುಟ್ಟ ಹೂಗಳು, ಮೋಸ ಮಾಡುವುದರಲ್ಲೂ ಎಷ್ಟು ಚೆಂದ — ಕುರಿ ಕಾಯುವವರ ಕಲ್ಲುಗುಡಿಸಲು, ಗಾರೆ ಇಲ್ಲ, ಮಣ್ಣಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು, ಒಳಗೆ ಹೋಗಿ ತಲೆ ಎತ್ತಿದರೆ ಚಾವಣಿ ಸುತ್ತು ಸುತ್ತಾಗಿ ಕಿರಿದಾಗುತ್ತ ಮೇಲೇರಿ ಒಂದೇ ಚಪ್ಪಡಿಯಲ್ಲಿ ಮುಗಿಯುತ್ತದೆ, ಎಷ್ಟೋ ತಲೆಮಾರಿನಿಂದ ಒಂದು ಹನಿ ಮಳೆ ಒಳಗೆ ಬಿಟ್ಟಿಲ್ಲ, ಕಟ್ಟಿದವನ ಹೆಸರು ಯಾರಿಗೂ ಗೊತ್ತಿಲ್ಲ, ಒಕ್ತಾವ್ ಅಲ್ಲಿಗೆ ಬಂದರೆ ಟೋಪಿ ತೆಗೆಯುತ್ತಿದ್ದ, ಚರ್ಚಿನ ಕಡೆ ತಲೆ ಹಾಕದ ಮನುಷ್ಯ, ಅವಳ ಗಂಡ, ಅವನೂ ಕಲ್ಲುಕೆಲಸದವನೇ, ಹೇಳುತ್ತಿದ್ದ, ನೋಡೇ, ಇವನು ನಮಗೆಲ್ಲ ಗುರು, ಒಂದು ಕಲ್ಲೂ ಇನ್ನೊಂದರ ಮೇಲೆ ಮುನಿಸಿಕೊಂಡಿಲ್ಲ. ಅವನು ಹೋಗಿ ಮೊನ್ನೆಯ ಚಳಿಗಾಲಕ್ಕೆ ನಾಲ್ಕು ವರ್ಷ.

ಆಮೇಲೆ ಈ ಓಕ್, ಈ ಕವಲು, ಬಲಕ್ಕೆ ಸೆರ್ವಿಯಾಕ್ ಊರಿಗೆ ಇಳಿಯುವ ದಾರಿ, ಎಡಕ್ಕೆ ಇಂಟು — ಸುಳ್ಳು ಇಂಟು, ಅವಳ ಕೈಯಾರೆ ಬರೆದ ಒಂದೇ ಒಂದು ಸುಳ್ಳು, ಮೂರು ವರ್ಷಕ್ಕೊಮ್ಮೆ ಬಣ್ಣ ಹಚ್ಚಿ ಹಚ್ಚಿ ಸಾಕಿಕೊಂಡು ಬಂದ ಸುಳ್ಳು — ಎಡಕ್ಕೆ ಪೊದೆ ಸರಿಸಿ ಇನ್ನೂರು ಹೆಜ್ಜೆ ಹೋದರೆ ಬಂಡೆಯ ಅಂಚು, ಕೆಳಗೆ ನದಿ, ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡ ತಾಯಿಯ ತೋಳಿನ ಹಾಗೆ ಇಡೀ ಊರನ್ನು ಬಳಸಿ ಹಿಡಿದ ನದಿ, ಚರ್ಚಿನ ಗಂಟೆಗೋಪುರ ಕಾಲಬುಡದಲ್ಲಿ, ಹಾರುವ ಹಕ್ಕಿಗಳ ಹೊಟ್ಟೆಯಲ್ಲ, ಬೆನ್ನು ಕಾಣುತ್ತದೆ, ದೇವರಿಗೆ ಕಾಣುವ ಹಾಗೆ — ಈ ಸೀಮೆಯಲ್ಲೇ ಇಂಥ ಜಾಗ ಇನ್ನೊಂದಿಲ್ಲ, ಅಲ್ಲಿ ಒಕ್ತಾವ್ ಇಬ್ಬರು ಕೂರುವಷ್ಟು ಅಗಲದ ಒಂದು ಕಲ್ಲುಬೆಂಚು ಇಟ್ಟಿದ್ದ, ಭಾನುವಾರ ಆಡಿನ ಹಾಲಿನ ಚೀಸು, ಅಕ್ರೋಟು, ಒಂದು ಬಾಟಲಿ ವೈನು, ಸಮಿತಿಯವರು ದಾರಿಗೆಲ್ಲ ಗುರುತು ಹಾಕಿ ಅಂದಾಗ ಅವನೇ ಹೇಳಿದ್ದು, ಎಲ್ಲಾ ನೋಡೋಕೆ ಬಂದೋರಿಗೇ ಯಾಕೇ ಕೊಡ್ಬೇಕು, ಗುಡಿಸಲು ಕೊಟ್ವಿ, ಗೋಪುರ ಕೊಟ್ವಿ, ಇದೊಂದು ನಮಗಿರಲಿ, ಹಾಕು ಇಂಟು — ಹಾಕಿದಳು, ನಗುತ್ತಾ ಹಾಕಿದಳು, ನಲವತ್ತೊಂದರ ಹೆಂಗಸು ಕದ್ದು ಹಣ್ಣು ತಿಂದ ಹುಡುಗಿಯ ಹಾಗೆ ನಕ್ಕಳು, ಯಾರಾದರೂ ಕೇಳಿದರೆ ಆ ಕಡೆ ಹಳೇ ಕಲ್ಲುಗಣಿ, ಕಾಲು ಜಾರುತ್ತೆ, ಊರಿನವರೂ ನಂಬಿದರು, ಊರಿನವರಿಗೆ ನೋಟ ಯಾಕೆ ಬೇಕು, ಅವರಿಗೆ ಊರು ಒಳಗಿನಿಂದ ಕಂಡರೆ ಸಾಕು. ನಾಲ್ಕು ವರ್ಷದಿಂದ ಆ ಕಲ್ಲಿನ ಎಡ ಅರ್ಧದಲ್ಲಿ ಒಬ್ಬಳೇ ಕೂತು ಬಂದಿದ್ದಾಳೆ, ಬಲ ಅರ್ಧ ಅವನದ್ದು. ಇನ್ನು ಮಂಡಿ ಬಿಡುವುದಿಲ್ಲ, ಇವತ್ತು ಕಳೆದರೆ ಆ ಜಾಗ ನೋಡಲು ಜಗತ್ತಿನಲ್ಲಿ ಒಬ್ಬರೂ ಇಲ್ಲ, ಅಷ್ಟು ಚೆಂದವನ್ನು ಹಾಗೆ ಅನಾಥ ಬಿಡುವುದು ಪಾಪ, ಅದಕ್ಕೇ ಚೀಲದಲ್ಲಿ ಇವತ್ತು ಎರಡು ಡಬ್ಬಿ, ಹಳದಿಯ ಜೊತೆ ಕಂದು, ತೊಗಟೆಯದೇ ಬಣ್ಣ, ತಪ್ಪು ಗುರುತು ಮುಚ್ಚಲಿಕ್ಕೆ ಇರುವುದು — ಇಂಟು ಮುಚ್ಚಿ, ಪಕ್ಕದಲ್ಲಿ ನೇರ ಗೀಟು ಎಳೆದು, ಬನ್ನಿ ಎಲ್ಲರೂ ನೋಡಿ ಅಂತ ಹೇಳಿ, ಕೊನೆಯದಾಗಿ ಹೋಗಿ ಕೂತು, ಇಳಿದುಬಿಡಬೇಕು. ಪಾಚಿ ಕೆರೆದಾಗಿದೆ. ಕಂದು ಡಬ್ಬಿಯ ಮುಚ್ಚಳಕ್ಕೆ ಕತ್ತಿಯ ತುದಿ ಸಿಕ್ಕಿಸಿದ್ದಾಳೆ.

ಟಕ್, ಟಕ್, ಊರುಗೋಲು ಕಲ್ಲಿಗೆ ತಾಗುವ ಸದ್ದು, ಯಾರೋ ಹತ್ತಿ ಬರುತ್ತಿದ್ದಾರೆ, ಇಸ್ತ್ರಿ ಮಾಡಿದ ಅಂಗಿಯ ಮುದುಕ, ಗುಂಡಿಯ ತೂತಿನಲ್ಲಿ ಬಿಳಿ ಗಂಟೆ ಹೂವಿನ ಕಡ್ಡಿ, ಮೇ ಒಂದಕ್ಕೆ ಎಲ್ಲರೂ ಎಲ್ಲರಿಗೂ ಕೊಡುವುದು — ನಮಸ್ಕಾರ ಮದಾಮ್, ಓಹೋ, ಈ ಗುರುತು ಬರೆಯೋರು ನೀವೇನಾ, ಹದಿನಾಲ್ಕು ವರ್ಷದಿಂದ ನಿಮ್ಮ ಕೈಬರಹ ಓದ್ತಿದೀನಿ, ಒಂದ್ಸಲಾನೂ ದಾರಿ ತಪ್ಪಿಸಿಲ್ಲ ನೀವು — ಮಾತಿನಲ್ಲಿ ಉತ್ತರದವರ ಎಳೆತ — ನಮ್ಮ ಕಡೆ ನೆಲ ಅಂದ್ರೆ ಮೇಜು, ಗುಡ್ಡ ನೋಡಿದ್ರೆ ನಮಗೆ ಹಬ್ಬ, ಪ್ರತಿ ಮೇ ಒಂದಕ್ಕೆ ನಾನೂ ನನ್ನ ಹೆಂಡ್ತಿ ಜಿನೆಟ್ಟೂ ಇಲ್ಲಿಗೇ ಬರೋದು, ಈ ಮರದ ಹತ್ರ ಬಂದಾಗೆಲ್ಲ ಅವಳದ್ದು ಒಂದೇ ಹಟ, ಎಡಕ್ಕೆ ಹೋಗೋಣ ರೀ, ಅಲ್ಲೇನಿದೆ ನೋಡೋಣ, ನಾನು, ಇಂಟು ಇದೆ ಕಣೇ, ಹಾಕಿದೋರಿಗೆ ತಲೆ ಇಲ್ವಾ, ಅವಳು ಏನಂತಿದ್ಲು ಗೊತ್ತಾ, ಸ್ವರ್ಗದ ಬಾಗಿಲ ಮೇಲೆ ಯಾರಾದ್ರೂ ಇಂಟು ಗೀಚಿದ್ರೆ ನೀವು ಅಲ್ಲಿಂದ್ಲೂ ವಾಪಸ್ ಬರ್ತೀರಿ — ನಕ್ಕ, ಯುಗೆಟ್ಟೂ ನಕ್ಕಳು, ಎಂಥ ಹೆಂಗಸು, ಎಲ್ಲಿ, ಹಿಂದೆ ಬರ್ತಿದಾರಾ, ಇಲ್ಲ ಮದಾಮ್, ಫೆಬ್ರವರಿಯಲ್ಲಿ ಹೋದ್ಲು. ನಕ್ಕ ಬಾಯಿ ಹಾಗೇ ಇತ್ತು, ಮುಚ್ಚಲು ಮರೆತಿದ್ದ. ರೈಲಲ್ಲಿ ದಾರಿಯುದ್ದಕ್ಕೂ ಅದೇ ಕೊರೀತಿತ್ತು ಮದಾಮ್, ಒಂದ್ಸಲ ಅವಳ ಮಾತು ಕೇಳಬಹುದಿತ್ತಲ್ಲ ಅಂತ, ಹೇಳಿ, ಆ ಕಡೆ ಏನಿದೆ?

ಏನೂ ಇಲ್ಲ ಮೊಸ್ಯೂ, ಹಳೇ ಕಲ್ಲುಗಣಿ, ಕಾಲು ಜಾರುತ್ತೆ — ಮೂವತ್ತೊಂದು ವರ್ಷದ ನಾಲಿಗೆ, ಮನಸ್ಸಿಗಿಂತ ಮುಂಚೆ ಅದೇ ಹೇಳಿಬಿಟ್ಟಿತು, ಹಾಳು ನಾಲಿಗೆ, ಇಲ್ಲ ಇಲ್ಲ, ತಪ್ಪಾಯ್ತು, ಬನ್ನಿ ತೋರಿಸ್ತೀನಿ ಅನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಅವನ ಭುಜ ಇಳಿಯಿತು, ಫೆಬ್ರವರಿಯಿಂದ ಹಿಡಿದಿಟ್ಟ ಉಸಿರನ್ನೆಲ್ಲ ಒಮ್ಮೆಗೇ ಬಿಟ್ಟ — ಅಬ್ಬಾ, ಒಳ್ಳೇದಾಯ್ತು, ಹಾಗಾದ್ರೆ ಅವಳೇನೂ ಕಳಕೊಂಡಿಲ್ಲ. ಹೂವಿನ ಕಡ್ಡಿ ಬಿಡಿಸಿ ಅವಳ ಕೈಗಿಟ್ಟ, ಜಿನೆಟ್‌ಗೇ ಅಂತ ಕೊಂಡ್ಕೊಂಡೆ, ಅಭ್ಯಾಸ ನೋಡಿ, ನೀವು ಇಟ್ಕೊಳ್ಳಿ, ಮುಂದಿನ ವರ್ಷನೂ ಬರ್ತೀನಿ, ಕಾಲಿರೋ ತನಕ ಬರ್ತೀನಿ, ನಿಮ್ಮ ಗುರುತು ನಂಬ್ಕೊಂಡು — ಬಲಕ್ಕೆ ತಿರುಗಿ ಇಳಿದುಹೋದ.

ಟಕ್, ಟಕ್, ದೂರ, ಕೋಲಿನ ಸದ್ದು ಹತ್ತಿದ್ದಕ್ಕಿಂತ ಇಳಿಯುವಾಗ ಹಗುರ, ಕೂಗಲೇ, ಕೂಗಿದರೆ ಕೇಳುತ್ತದೆ, ಇನ್ನೂ ಕೇಳುತ್ತದೆ — ಕೂಗಿ ಏನು ಹೇಳುವುದು, ನಿಮ್ಮ ಹೆಂಡತಿ ಹದಿನಾಲ್ಕು ಸಲ ಸರಿಯಾಗಿ ಹೇಳಿದ್ದರು ಅಂತಲೇ — ಹೂವಿನ ವಾಸನೆ, ಬಣ್ಣದ ವಾಸನೆ, ಕಂದು ಬಳಿದರೆ ಬರುವ ಮೇ ಒಂದಕ್ಕೆ ಅವನು ಬರುತ್ತಾನೆ, ನೇರ ಗೀಟು ನೋಡುತ್ತಾನೆ, ನಂಬುತ್ತಾನೆ, ಇನ್ನೂರು ಹೆಜ್ಜೆ, ನದಿ, ಊರು, ಹಕ್ಕಿಗಳ ಬೆನ್ನು, ಇಬ್ಬರಿಗೆ ಅಂತ ಅಳತೆ ಹಾಕಿ ಇಟ್ಟ ಕಲ್ಲು — ಆ ನೋಟ ನೋಡಿ ಅವನ ಎದೆ ಒಡೆಯುತ್ತದೆ, ಅಷ್ಟು ಚೆಂದ ಇದೆಯಲ್ಲ ಅದು, ಒಂಚೂರು ಕಡಿಮೆ ಚೆಂದ ಇದ್ದಿದ್ದರೆ ಹೇಳಬಹುದಿತ್ತು. ಒಕ್ತಾವ್, ನಾವು ಯಾರಿಂದ ಏನು ಮುಚ್ಚಿಟ್ಟೆವು ಗೊತ್ತೇನೋ. ತಾನಾದರೂ ಹೋಗಿ ಒಂದು ಗಳಿಗೆ ಕೂತು ಬರಬೇಕು, ಕೊನೆಯ ಸಲ, ಅದಕ್ಕೇ ಬಂದದ್ದು — ಇಲ್ಲ, ಈಗ ಹೋದರೆ ಕಲ್ಲಿನ ಆ ಖಾಲಿ ಅರ್ಧದಲ್ಲಿ ಒಕ್ತಾವ್ ಕೂರುವುದಿಲ್ಲ, ಮುಖವೇ ನೋಡದ ಜಿನೆಟ್ ಬಂದು ಕೂರುತ್ತಾಳೆ. ಕಂದು ಡಬ್ಬಿಯ ಮುಚ್ಚಳ ಒತ್ತಿದಳು, ಚೀಲಕ್ಕೆ ಹಾಕಿದಳು. ಹಳದಿ ಡಬ್ಬಿ ತೆರೆದಳು. ಗೀಟು ಅಚ್ಚುಕಟ್ಟಾಗಿ ಬರಬೇಕು, ಕೈಬರಹ ಓದುವವರಿದ್ದಾರೆ — ಮೇಲಿನಿಂದ ಕೆಳಕ್ಕೆ ಓರೆಯಾಗಿ ಒಂದು ಗೀಟು, ಬ್ರಷ್ಷು ಅದ್ದಿ, ಅದರ ಮೇಲೆ ಹಾಯ್ದು ಇನ್ನೊಂದು, ಎರಡು ಕೂಡಿದಲ್ಲಿ ಬಣ್ಣ ದಪ್ಪಗೆ ನಿಂತಿತು, ಒಂದು ತೊಟ್ಟು ಇಳಿಯಿತು, ಅದೇ ಇರುವೆಯೋ ಬೇರೆಯದೋ ಅಂಚಿನವರೆಗೆ ಬಂತು, ಮೀಸೆ ಆಡಿಸಿತು, ಬರೆದವಳೂ ಈಚೆಯೇ ನಿಂತಿದ್ದಾಳೆ, ಇಂಟು, ಇಷ್ಟು ಹಳದಿ ಯಾವತ್ತೂ ಇರಲಿಲ್ಲ ಇದು, ಹಸಿ ಹಳದಿ, ಇಂಟು.